ಹಿತ್ತಲ ಹೊಳೆಯ ದೊಡ್ಡ ಮೀನು

ಟ್ರೌಟ್ ಎಂಬ ಮೀನಿನ ಹೆಸರನ್ನು ಕೇಳಿರದ ಪದವೀಧರರು ನಮ್ಮ ಊರುಗಳಲ್ಲಿ ಹೆಚ್ಚಿಲ್ಲ. ಇಂಗ್ಲಿಷ್ ಕಥೆ-ಕಾದಂಬರಿಗಳಲ್ಲಿ ಅದು ಈಜುತ್ತದೆ, ಪ್ರಬಂಧಗಳಲ್ಲಿ ನೆಗೆಯುತ್ತದೆ, ಈಚೀಚೆಗೆ ಅಂಗೈಯಗಲದ ಫೋನಿನ ಪರದೆಯ ಮೇಲೂ ಗಾಳಕ್ಕೆ ಸಿಕ್ಕಿ ಮಿಂಚುತ್ತದೆ. ಅದರ ಮೈಮೇಲಿನ ಕೆಂಪು-ಕಪ್ಪು ಚುಕ್ಕೆಗಳನ್ನು, ಅದು ವಾಸಿಸುವ ತಣ್ಣನೆಯ ತೊರೆಗಳನ್ನು ನಮ್ಮ ತರುಣರು ಕಣ್ಣಿಗೆ ಕಟ್ಟುವಂತೆ ಬಣ್ಣಿಸಬಲ್ಲರು. ಆದರೆ ಇದೇ ಮಹನೀಯರನ್ನು ಕಲಾದಗಿಯ ಬಳಿ ಘಟಪ್ರಭೆಯ ದಂಡೆಗೆ ಕರೆತಂದು, ಈ ನೀರಿನಲ್ಲಿ ಇರುವ ಮೀನುಗಳಲ್ಲಿ ನಾಲ್ಕರ ಹೆಸರು ಹೇಳಿರೆಂದು ಕೇಳಿ ನೋಡಿ. ಒಬ್ಬರು 'ಕಾಟ್ಲಾ' ಎನ್ನುವರು. ಅದು ಗಂಗೆಯ ಕಡೆಯಿಂದ ಬಂದದ್ದು. ಇನ್ನೊಬ್ಬರು 'ಜಿಲೇಬಿ' ಎನ್ನುವರು. ಅದು ಆಫ್ರಿಕಾ ಖಂಡದ್ದು, 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ. ಮೂರನೆಯವರು ನಕ್ಕು, ಮೀನಿನ ಉಸಾಬರಿ ಕನ್ನಡ ಮಾಸ್ತರರಿಗೆ ಏಕೆ ಎಂದು ಕೇಳುವರು.

ಈ ಮೂರನೆಯವರಿಗೇ ನನ್ನ ಉತ್ತರ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹೊಳೆಗೂ ಅನ್ವಯಿಸಿಕೊಂಡಿದ್ದೇವೆ. ಮನೆಯ ಹತ್ತಿರದ ಹೊಳೆಯಲ್ಲಿ ಯಾರೂ ಬಿತ್ತದೆ, ಯಾರೂ ಸಾಕದೆ, ತಾನಾಗಿ ಹುಟ್ಟಿ ತಾನಾಗಿ ಬೆಳೆದ ದೊಡ್ಡ ಮೀನು ಇರುವುದು ಒಂದು ಊರಿನ ಭಾಗ್ಯ. ಅದು ಇಲ್ಲವಾಗುವುದು ಆ ಊರಿನ ಅಪಕೀರ್ತಿ. ಈ ಮಾತನ್ನು ನಾನು ಗಾಳ ಹಿಡಿಯುವವನಾಗಿಯೂ ಹೇಳುತ್ತೇನೆ, ಕನ್ನಡ ಪಾಠ ಮಾಡುವವನಾಗಿಯೂ ಹೇಳುತ್ತೇನೆ. ಎರಡಕ್ಕೂ ಸಂಬಂಧವಿದೆ.

ಮೊದಲು ಟ್ರೌಟಿನ ಮಾತು. ಅದು ಒಳ್ಳೆಯ ಮೀನು. ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದು ತಣ್ಣೀರಿನ ಜೀವಿ. ನೀರಿನ ಬಿಸಿ 25 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಅದು ಬಹಳ ಹೊತ್ತು ಬದುಕಲಾರದು. ಇಂಗ್ಲಿಷರು ಈ ದೇಶಕ್ಕೆ ಬಂದಾಗ ತಮ್ಮ ಊರ ತೊರೆಯ ನೆನಪನ್ನು ತಡೆಯಲಾರದೆ ಅದನ್ನು ಹಡಗಿನಲ್ಲಿ ಹೇರಿಕೊಂಡು ತಂದರು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞ ನೀಲಗಿರಿಗೆ ಟ್ರೌಟ್ ತರಲು ಯತ್ನಿಸಿದ. 1900ರ ಹೊತ್ತಿಗೆ ಸ್ಕಾಟ್ಲೆಂಡಿನ ತತ್ತಿಗಳು ಕಾಶ್ಮೀರಕ್ಕೆ ಬಂದವು. ನೀಲಗಿರಿಯಲ್ಲಿ ಟ್ರೌಟ್ ನೆಲೆಯೂರಿದ್ದು ಎಚ್. ಸಿ. ವಿಲ್ಸನ್ ಎಂಬಾತನ ಪ್ರಯತ್ನದಿಂದ, 20ನೆಯ ಶತಮಾನದ ಆರಂಭದಲ್ಲಿ. ಅಷ್ಟು ದೂರ ಅಷ್ಟು ಕಷ್ಟಪಟ್ಟು ಒಂದು ಮೀನನ್ನು ಹೊತ್ತು ತರಲು ಕಾರಣವೇನು? ರುಚಿಗಾಗಿ ಅಲ್ಲವೇ ಅಲ್ಲ. ಹುಡುಗತನದಲ್ಲಿ ಮನೆಯ ಹಿಂದಿನ ಹಳ್ಳದಲ್ಲಿ ಹಿಡಿದ ಮೀನು ಅದು. ಮನುಷ್ಯನಿಗೆ ತನ್ನ ಹಿತ್ತಲ ಹೊಳೆಯ ಮೇಲೆ ಇರಬೇಕಾದ ಮಮತೆ ಅದು.

ನಾವು ಇಂಗ್ಲಿಷರಿಂದ ಟ್ರೌಟಿನ ಹೆಸರನ್ನು ಕಲಿತೆವು. ಆ ಮಮತೆಯನ್ನು ಕಲಿಯಲಿಲ್ಲ. ರಜೆ ಬಂದರೆ ಹಿಮಾಚಲಕ್ಕೆ ಹೋಗಿ, ಬಾಡಿಗೆಯ ಕೋಲು ಹಿಡಿದು, ಸಾಕಿ ಬಿಟ್ಟ ಟ್ರೌಟನ್ನು ಎತ್ತಿ ಫೋಟೋ ತೆಗೆಸಿಕೊಳ್ಳುವ ನಮ್ಮ ಜನ, ಬೈಸಿಕಲ್ಲಿನ ಮೇಲೆ ಮುಟ್ಟಬಹುದಾದ ಮಡುವಿನಲ್ಲಿ ಏನಿದೆ ಎಂದು ಒಮ್ಮೆಯೂ ಇಣುಕಿ ನೋಡಿಲ್ಲ.

ಏನಿದೆ ಎಂಬುದನ್ನು ಹೇಳುತ್ತೇನೆ. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಗೋಕಾಕಿನಲ್ಲಿ 52 ಮೀಟರ್ ಎತ್ತರದಿಂದ ಧುಮುಕಿ, ಸುಮಾರು 283 ಕಿಲೋಮೀಟರ್ ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಪಟ್ಟದಕಲ್ಲು ಐಹೊಳೆಗಳನ್ನು ಬಳಸಿ, ಸುಮಾರು 304 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಅದೇ ಕೃಷ್ಣೆಗೆ ಕೂಡುತ್ತದೆ. ಈ ಎರಡು ಹೊಳೆಗಳ ಆಸುಪಾಸಿನ ನಾಡೇ ನಮ್ಮ ಕಲಾದಗಿ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆ. ಇವು ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಎಳೆಯಾಗಿ, ಅಲ್ಲಲ್ಲಿ ಕಲ್ಲಿನ ಸಂದಿಗಳ ಆಳವಾದ ಮಡುಗಳಲ್ಲಿ ನೀರನ್ನು ಕಾಪಾಡಿಕೊಳ್ಳುವ ಹೊಳೆಗಳು. ಆ ಮಡುಗಳೇ ದೊಡ್ಡ ಮೀನಿನ ಮನೆ. ಹೊಳೆ ಒಣಗಿದಾಗ ಅದು ಅಲ್ಲಿ ಕಾಯುತ್ತದೆ. ಹೊಸ ನೀರು ಬಂದಾಗ ಪ್ರವಾಹಕ್ಕೆ ಎದುರಾಗಿ ಏರಿ ತತ್ತಿ ಇಡುತ್ತದೆ.

ಇಲ್ಲಿ ಬಾಳೆ ಮೀನು ಇದೆ. ಹುರುಪೆಯಿಲ್ಲದ, ಚಪ್ಪಟೆಯಾದ, ಬೆಳ್ಳಿಯ ಬಣ್ಣದ, ಬಾಯ್ತುಂಬ ಹಲ್ಲಿರುವ ಬೇಟೆಗಾರ ಮೀನು. ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಹಗಲು ಬಂಡೆಯ ಬುಡದಲ್ಲಿ ಬಿದ್ದುಕೊಂಡು, ಮುಂಗತ್ತಲೆ ಇಳಿದ ಮೇಲೆ ಸಣ್ಣ ಮೀನುಗಳ ಬೆನ್ನು ಹತ್ತುತ್ತದೆ. ಕಾಗೆಯಂತೆ ಕಪ್ಪಾದ ಕಾಗೆ ಮೀನು ಇದೆ. ಅದು ತಳದ ಪಾಚಿ ಮೇಯುವ ಸಾಧು. ಕೆಸರಿನಲ್ಲೂ ಜೀವ ಹಿಡಿಯುವ, ತಲೆ ಹಾವಿನಂತಿರುವ ಕೊರವ ಇದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಅಂಗೈಯಷ್ಟು ದೊಡ್ಡ ಹುರುಪೆಯ ಮಾಹಶೀರ್ ಕೃಷ್ಣೆಯ ಬಳಗದ ಹೊಳೆಗಳ ಮೂಲ ನಿವಾಸಿ. ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ಪುಣೆಯ ಬದಿಯ ಮುಳಾ-ಮುಠಾ ನದಿಯಲ್ಲಿ ಇದನ್ನು ಕಂಡು, ಅಲ್ಲಿಯ ಜನರ ಬಾಯಲ್ಲಿದ್ದ ಹೆಸರನ್ನೇ ತುಸು ತಿರುಚಿ 1839ರಲ್ಲಿ 'ಖುದ್ರೀ' ಎಂದು ಶಾಸ್ತ್ರೀಯ ನಾಮಕರಣ ಮಾಡಿದ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಭಾರತದ ಗಾಳದ ಬೇಟೆಯ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದು, ಮಾಹಶೀರಿನ ಬಲದ ಮುಂದೆ ತನ್ನ ದೇಶದ ಸಾಲ್ಮನ್ ಕೂಡ ಕಡಿಮೆಯೆಂದು ಸಾರಿದ. ಕಪಿಲೆಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಿಂದ ಎತ್ತಿದ ಮಾಹಶೀರಿನ ತೂಕ 120 ಪೌಂಡು. ಟ್ರೌಟಿನ ದೇಶದವರು ನಮ್ಮ ಹೊಳೆಗಳಲ್ಲಿ ಕಂಡದ್ದನ್ನು ನಾವು ಕಾಣಲಿಲ್ಲ!

ಈ ಬೇಟೆ ಹೇಗೆ ನಡೆಯುತ್ತದೆ ಎಂಬ ಕುತೂಹಲ ಓದುಗರಿಗೆ ಇರಬಹುದು. ಕಾಗೆ ಮೀನಿಗೆ ಜೋಳದ ಹಿಟ್ಟಿನ ಉಂಡೆ ಸಾಕು. ಅದಕ್ಕೆ ತುಸು ಶೇಂಗಾ ಹಿಂಡಿ ಬೆರೆಸಿದರೆ ವಾಸನೆ ಹಿಡಿದು ಬರುತ್ತದೆ. ಬಾಳೆ ಮೀನಿಗೆ ಸಣ್ಣ ಮೀನೇ ಆಗಬೇಕು. ಅದರ ಹಲ್ಲು ದಾರವನ್ನು ಕತ್ತರಿಸಿಬಿಡುವುದರಿಂದ ಗಾಳದ ಹಿಂದೆ ಒಂದು ಗೇಣು ಉಕ್ಕಿನ ತಂತಿ ಕಟ್ಟಬೇಕು. ಉಳಿದದ್ದೆಲ್ಲ ಕಾಯುವ ಕೆಲಸ. ನನಗೆ ಇದನ್ನು ಕಲಿಸಿದವರು ಓದು ಬರಹ ಬಾರದ ಒಬ್ಬ ಅಂಬಿಗರ ಹಿರಿಯರು. ಹೊಳೆಯ ಮೈಯನ್ನು ಅವರು ಓದುತ್ತಿದ್ದ ಹಾಗೆ ನಮ್ಮಲ್ಲಿ ಹಳಗನ್ನಡವನ್ನು ಓದುವವರೂ ಕಡಿಮೆ. ನೀರು ಎಲ್ಲಿ ಸುಳಿಯುತ್ತದೆ, ಎಲ್ಲಿ ತಣ್ಣಗಿದೆ, ಯಾವ ಬಂಡೆಯ ಕೆಳಗೆ ಪೊಟರೆ ಇದೆ, ಎಲ್ಲವೂ ಅವರಿಗೆ ಬಾಯಿಪಾಠ. ಒಮ್ಮೆ ಮೃಗಶಿರ ಮಳೆಯ ಹೊಸ ನೀರು ಬಂದ ಮರುದಿನವೇ ನಾನು ಗಾಳ ಹಿಡಿದು ಹೊರಟಾಗ ಅವರು ತಡೆದರು.

"ಎಲ್ಲಿಗೆ ಹೊಂಟೀರಿ ಸರ?"

"ಹೊಸಾ ನೀರು ಬಂದೈತಲ್ಲ ಕಾಕಾ, ಮೀನು ಏರತಾವು."

"ಏರತಾವು, ಖರೆ. ಆದ್ರ ಈಗ ಏರೂವೆಲ್ಲಾ ಬಸರ ಇರತಾವ್ರೀ. ಬಸರಿ ಹೆಣಮಗಳು ತವರಿಗೆ ಹೊಂಟಾಗ ದಾರಿಗೆ ಅಡ್ಡ ನಿಂದರತಾರೇನ್ರೀ? ಶ್ರಾವಣ ಮುಗದ ಮ್ಯಾಲೆ ಬರ್ರಿ."

ಈಗಿನ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಒಂದು ದೊಡ್ಡ ಹೆಣ್ಣು ಮೀನು ಇಡುವಷ್ಟು ತತ್ತಿಯನ್ನು ಹಲವು ಸಣ್ಣ ಮೀನುಗಳು ಸೇರಿ ಇಡಲಾರವು. ಆದ್ದರಿಂದ ಸಂತಾನಕಾಲದಲ್ಲಿ ಹಿಡಿಯಬಾರದು, ಬಹಳ ದೊಡ್ಡದನ್ನು ತಿರುಗಿ ಬಿಡಬೇಕು ಎನ್ನುತ್ತಾರೆ ತಜ್ಞರು. ಬೇಸಿಗೆಯ ಒಂದು ಸಂಜೆ ನನ್ನ ಗಾಳಕ್ಕೆ ಬಿದ್ದ ಒಂದು ಬಾಳೆ ಮೀನು ನನ್ನ ಸೊಂಟದಷ್ಟು ಉದ್ದವಿತ್ತು. ಅರ್ಧ ತಾಸು ಎಳೆದಾಡಿ ದಡಕ್ಕೆ ತಂದಾಗ ಅದರ ಕಿವಿರುಗಳು ಬಾಗಿಲಿನಂತೆ ತೆರೆದು ಮುಚ್ಚುತ್ತಿದ್ದವು. ಆ ಹಿರಿಯರು ಗಾಳವನ್ನು ಬಿಡಿಸಿ, ಅದನ್ನು ಎರಡು ಕೈಯಲ್ಲಿ ಹಿಡಿದು ನೀರಿಗೆ ಮುಖ ಮಾಡಿ ನಿಲ್ಲಿಸಿದರು. ಅದು ಒಮ್ಮೆ ಬಾಲ ಬೀಸಿ ಮಡುವಿನ ಕಪ್ಪಿಗೆ ಇಳಿಯಿತು. ಬಾಗಲಕೋಟೆಯ ಪೇಟೆಯಿಂದ ಒಂದು ತಾಸಿನ ದಾರಿಯೂ ಇಲ್ಲದ ಜಾಗದಲ್ಲಿ ಅಂಥ ಜೀವವೊಂದು ಯಾರ ಅಪ್ಪಣೆಯನ್ನೂ ಕೇಳದೆ ಬಾಳುತ್ತಿತ್ತು. ಇದನ್ನು ಕಾಣಲು ಹಿಮಾಚಲಕ್ಕೆ ಹೋಗಬೇಕೆ?

ಇನ್ನು ನಮ್ಮ ಸಂಸ್ಕೃತಿಗೂ ಗಾಳಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಗಾಳದ ಬೇಟೆ ಆಂಗ್ಲರ ಹುಚ್ಚು, ನಮ್ಮಲ್ಲಿ ಅದು ಬೆಸ್ತರ ಹೊಟ್ಟೆಪಾಡು ಮಾತ್ರ ಎಂಬುದು ಅವರ ನಂಬಿಕೆ. ಅವರು ತಮ್ಮ ಮನೆಯ ಕಪಾಟನ್ನೇ ತೆರೆದು ನೋಡಿದವರಲ್ಲ. ಇಂಗ್ಲಿಷಿನಲ್ಲಿ ಗಾಳದ ಬಗೆಗೆ ಅಚ್ಚಾದ ಮೊದಲ ಪ್ರಬಂಧ 1496ರದು; ಐಸಾಕ್ ವಾಲ್ಟನ್ನನ ಹೆಸರಾಂತ ಗ್ರಂಥ 1653ರದು. ಇವೆರಡಕ್ಕಿಂತ ಬಹು ಹಿಂದೆ, ಸುಮಾರು 1130ರಲ್ಲಿ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ಬರೆದ. ಅದರ ನೂರು ಅಧ್ಯಾಯಗಳಲ್ಲಿ ಒಂದು 'ಮತ್ಸ್ಯವಿನೋದ'. ಮೀನುಗಳನ್ನು ಕಡಲಿನವು ಹೊಳೆಯವು ಎಂದೂ, ಹುರುಪೆಯಿದ್ದವು ಇಲ್ಲದವು ಎಂದೂ, ಗಾತ್ರದಿಂದಲೂ ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರ, ಹಿಟ್ಟಿನ ಉಂಡೆಗಳನ್ನು ಹಾಕಿ ಅವನ್ನು ದಂಡೆಗೆ ಹೇಗೆ ಒಲಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಲ್ಲಿ ವಿವರಿಸುತ್ತಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಸರ್ವಜ್ಞ ಚಕ್ರವರ್ತಿ ಎಂದು ಬಿರುದು ಹೊತ್ತ ದೊರೆ ಕೀಳೆಂದು ತಿಳಿಯದ ವಿದ್ಯೆಯನ್ನು ನಮ್ಮ ಸ್ಟಾಫ್ ರೂಮುಗಳು ಕೀಳೆಂದು ತಿಳಿಯುತ್ತವೆ!

ಅವನಿಗೂ ಹಿಂದೆ ಹೋಗೋಣ. 6ನೆಯ ಶತಮಾನದ ಬಾದಾಮಿಯ ಎರಡನೆಯ ಗುಹೆಯಲ್ಲಿ ತಲೆಯೆತ್ತಿ ನೋಡಿದವರಿಗೆ ಛಾವಣಿಯಲ್ಲಿ ಹದಿನಾರು ಮೀನುಗಳೇ ಅರೆಕಾಲುಗಳಾಗಿರುವ ಒಂದು ಚಕ್ರ ಕಾಣುತ್ತದೆ. ಮಲಪ್ರಭೆಯ ಸೀಮೆಯ ಶಿಲ್ಪಿಗೆ ಲೋಕದ ಚಕ್ರ ಉರುಳುವುದು ಮೀನಿನ ಮೇಲೆ ಎನ್ನಿಸಿದ್ದರೆ ಆಶ್ಚರ್ಯವೇನು? 'ಕವಿರಾಜಮಾರ್ಗ' ಕನ್ನಡ ನಾಡಿನ ಎಲ್ಲೆಯನ್ನು ಗುರುತಿಸಿದ್ದು ಕಾವೇರಿ ಗೋದಾವರಿ ಎಂಬ ಎರಡು ಹೊಳೆಗಳಿಂದ. ತಿರುಳ್ಗನ್ನಡದ ನೆಲೆಯೆಂದು ಅದು ಹೆಸರಿಸಿದ ಊರುಗಳಲ್ಲಿ ಕಿಸುವೊಳಲು, ಅಂದರೆ ನಮ್ಮ ಪಟ್ಟದಕಲ್ಲು, ಒಂದು. 1209ರ 'ಯಶೋಧರ ಚರಿತೆ'ಯಲ್ಲಿ ಜನ್ನನು ಅರಸನನ್ನು ಒಂದು ಜನ್ಮದಲ್ಲಿ ಮೀನಾಗಿ ಹುಟ್ಟಿಸುತ್ತಾನೆ. ಆ ಭಾಗದ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು, "ಅದು ಯಾವ ಮೀನು ಸರ, ನಮ್ಮ ಹೊಳ್ಯಾಗ ಸಿಗತೈತೇನು?" ಎಂದು ಕೇಳಿದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಕಾವ್ಯವನ್ನು ಓದಿ ಹೊಳೆಯ ನೆನಪು ಮಾಡಿಕೊಂಡವನು ಆ ತರಗತಿಯಲ್ಲಿ ಅವನೊಬ್ಬನೇ. ಹೆಸರು ಸತ್ತ ಮೇಲೆ ವಸ್ತು ಸಾಯುವುದು ತಡವಾಗುವುದಿಲ್ಲ. ನೂರು ಮೀನುಗಳನ್ನು 'ಮೀನು' ಎಂಬ ಒಂದೇ ಶಬ್ದದಲ್ಲಿ ಕಟ್ಟಿಹಾಕಿದ ಭಾಷೆಯವರಿಗೆ ಅವುಗಳಲ್ಲಿ ತೊಂಬತ್ತು ಕಾಣೆಯಾದರೂ ತಿಳಿಯುವುದಿಲ್ಲ. ಅಂಬಿಗರ ಬಾಯಲ್ಲಿ ಈ ಹೆಸರುಗಳು ಇನ್ನೂ ಇವೆ; ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಮಲೆನಾಡಿನ ಹೊಳೆಗಳಲ್ಲಿ ಗಾಳ ಹಾಕಿ ಕುಳಿತ ಪೂರ್ಣಚಂದ್ರ ತೇಜಸ್ವಿಯವರಿಂದ ಕನ್ನಡ ಗದ್ಯಕ್ಕೆ ಬಂದ ಲಾಭವನ್ನು ಎಲ್ಲರೂ ಹೊಗಳುತ್ತಾರೆ. ಬಯಲುಸೀಮೆಯ ಹೊಳೆಗಳಿಗೆ ಅಂಥ ಒಬ್ಬರು ಇನ್ನೂ ದೊರೆತಿಲ್ಲ.

ಈಗ ಆಕ್ಷೇಪಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಅಹಿಂಸೆಯ ಆಕ್ಷೇಪ. ಬಸವಣ್ಣನವರು ಐಕ್ಯರಾದ ಸಂಗಮದ ನೆಲದಲ್ಲಿ, ಜೈನ ಬಸದಿಗಳ ಐಹೊಳೆಯ ನೆಲದಲ್ಲಿ ಮೀನು ಹಿಡಿಯುವ ಮಾತೇ ಎನ್ನುವವರು ಇದ್ದಾರೆ. ಅವರ ದಯೆಗೆ ನಾನು ತಲೆಬಾಗುತ್ತೇನೆ. ಆದರೆ ಅವರನ್ನು ಒಂದು ಮಾತು ಕೇಳಬೇಕು. ಕಾರ್ಖಾನೆಯ ಕೊಳಕು ನೀರು ಹೊಳೆಗೆ ಇಳಿದು ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದಾಗ ಈ ದಯೆ ಎಲ್ಲಿತ್ತು? ಮಡುವಿನಲ್ಲಿ ಸಿಡಿಮದ್ದು ಹಾಕಿ, ಬ್ಲೀಚಿಂಗ್ ಪುಡಿ ಸುರಿದು, ಮರಿ-ತತ್ತಿ ಎನ್ನದೆ ಎಲ್ಲವನ್ನೂ ಒಮ್ಮೆಗೇ ಕೊಲ್ಲುವವರ ಮೇಲೆ ಈ ದಯಾವಂತರು ಒಂದು ಅರ್ಜಿಯನ್ನಾದರೂ ಬರೆದರೆ? ತುಂಗೆಯ ದಡದ ಶೃಂಗೇರಿಯಲ್ಲಿ ಮೀನನ್ನು ಹಿಡಿಯುವುದಿಲ್ಲ. ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಅದು ನಿಜವಾದ ಅಹಿಂಸೆ, ಏಕೆಂದರೆ ಅಲ್ಲಿ ಮೀನಿನ ಮೇಲೆ ಊರಿನ ಕಣ್ಣಿದೆ. ಕಾಯದೆ ಕಾಯುವುದಕ್ಕಿಂತ ಕಣ್ಣು ಹೆಚ್ಚು ಕಾಯುತ್ತದೆ. ಮೀನಿನ ಹೆಸರನ್ನೇ ಅರಿಯದೆ, ಹೊಳೆಯ ಕಡೆ ಮುಖವನ್ನೇ ಹಾಕದೆ, 'ನಾನು ಮೀನು ತಿನ್ನುವುದಿಲ್ಲ' ಎಂಬುದನ್ನೇ ಅಹಿಂಸೆಯೆಂದು ತಿಳಿಯುವುದು ದಯೆಯಲ್ಲ, ಉದಾಸೀನ. ಗಾಳ ಹಿಡಿಯುವವನು ಒಂದು ಮೀನನ್ನು ಹಿಡಿಯುತ್ತಾನೆ. ಉದಾಸೀನನು ಇಡೀ ಹೊಳೆಯನ್ನು ಕೊಲ್ಲುತ್ತಾನೆ.

ಎರಡನೆಯ ಆಕ್ಷೇಪ ಅಂಕಿ-ಅಂಶದವರದು. ಅಣೆಕಟ್ಟು ಬಂದ ಮೇಲೆ ನಮ್ಮಲ್ಲಿ ಮೀನು ಹೆಚ್ಚಾಗಿದೆ, ಲಾರಿಗಟ್ಟಲೆ ಪರಊರಿಗೆ ಹೋಗುತ್ತದೆ, ಮತ್ತೇನು ಬೇಕು ಎನ್ನುತ್ತಾರೆ ಅವರು. ಇದನ್ನು ಹಗುರಾಗಿ ತಳ್ಳಿಹಾಕಲಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಬಲೆ ಬೀಸಿ ಮಕ್ಕಳನ್ನು ಓದಿಸುತ್ತಿರುವ ಕುಟುಂಬಗಳನ್ನು ನಾನು ಬಲ್ಲೆ. ಅವರ ಅನ್ನಕ್ಕೆ ಕಲ್ಲು ಹಾಕುವ ಮಾತನ್ನು ನಾನು ಆಡುವುದಿಲ್ಲ. ಆದರೆ ಬಿತ್ತಿದ ಮೀನು ಬೇರೆ, ಹುಟ್ಟಿದ ಮೀನು ಬೇರೆ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಗೆಂಡೆ ಜಾತಿಯ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ತತ್ತಿ ಇಡಿಸುವ ವಿದ್ಯೆಯನ್ನು ಸಾಧಿಸಿದ ಮೇಲೆ, ಕಾಟ್ಲಾ, ರೋಹು, ಮೃಗಾಲ್ ಮರಿಗಳು ದೇಶದ ಕೆರೆ-ಜಲಾಶಯಗಳನ್ನೆಲ್ಲ ತುಂಬಿದವು. ದೇಶಕ್ಕೆ ಅದರಿಂದ ಆಹಾರ ದೊರೆತದ್ದು ನಿಜ. ಆದರೆ ಆ ಮೀನು ಜಲಾಶಯದ ಬೆಳೆ, ಹೊಲದ ಗೋವಿನಜೋಳದಂತೆ. ಬೀಜ ತಂದು ಹಾಕುವುದನ್ನು ನಿಲ್ಲಿಸಿ ನೋಡಿ. ಕೆಲವೇ ವರ್ಷಗಳಲ್ಲಿ ಬಲೆಗಳು ಬರಿದಾಗತೊಡಗುತ್ತವೆ. ಹೊಳೆಯಲ್ಲಿ ಹುಟ್ಟಿದ ಬಾಳೆ ಮೀನಿಗೆ ಟೆಂಡರು ಬೇಡ, ಲಾರಿ ಬೇಡ, ಉದ್ಘಾಟನೆಯ ಫೋಟೋ ಬೇಡ. ಹರಿಯುವ ನೀರು ಒಂದೇ ಸಾಕು. ಗೋದಾಮಿನಲ್ಲಿ ಚೀಲ ಪೇರಿಸಿದ್ದನ್ನು ತೋರಿಸಿ ಹೊಲ ಫಲವತ್ತಾಗಿದೆ ಎಂದರೆ ಯಾವ ರೈತ ನಂಬುತ್ತಾನೆ?

ಬಿತ್ತುವುದರಲ್ಲಿಯೂ ವಿವೇಕವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯ ಕಥೆಯೇ ಸಾಕು. ಅಲ್ಲಿ ಬೆನ್ನಿನ ಮೇಲೆ ಗೂನು ಇರುವ ಒಂದು ಮಾಹಶೀರ್ ಇದೆ. ಲೋಕದಲ್ಲಿ ಕಾವೇರಿಯ ಬಳಗದ ಹೊಳೆಗಳಲ್ಲಲ್ಲದೆ ಬೇರೆಲ್ಲೂ ಇಲ್ಲ. ಕಪಿಲೆಯ 120 ಪೌಂಡಿನ ದಾಖಲೆ ಇದರ ಜಾತಿಯದು. 1970ರ ದಶಕದ ನಂತರ ಕಾವೇರಿಯಲ್ಲಿ ಮಾಹಶೀರ್ ಕಡಿಮೆಯಾಯಿತೆಂದು ಬಲ್ಲವರು ಮರುಗಿ, ಲೋಣಾವಳದ ಮರಿಕೇಂದ್ರದಿಂದ ಮರಿಗಳನ್ನು ತಂದು ಬಿಟ್ಟರು. ಆ ಮರಿಗಳು ಯಾವುವು? ನಮ್ಮ ಖುದ್ರೀ! ಉದ್ದೇಶ ಒಳ್ಳೆಯದೇ ಇತ್ತು. ಆದರೆ ಬಂದ ನೆಂಟ ಮನೆಯ ಯಜಮಾನನನ್ನೇ ಹೊರಗೆ ನೂಕಿದ. ಗೂನುಬೆನ್ನಿನ ಮೀನು ಅಪರೂಪವಾಗುತ್ತ ಹೋಯಿತು. ಅದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದದ್ದು 2018ರಲ್ಲಿ. ಅಳಿವಿನ ಅಂಚಿನ ಪಟ್ಟಿಗೆ ಅದು ಸೇರಿದ್ದೂ ಆ ವರ್ಷವೇ. ಹೆಸರು ಇಡುವ ದಿನ ಮತ್ತು ತಿಥಿಯ ದಿನ ಇಷ್ಟು ಹತ್ತಿರ ಬಂದ ಉದಾಹರಣೆ ಮತ್ತೊಂದಿರಲಾರದು. ಕೃಷ್ಣೆಯ ಮೀನು ಕಾವೇರಿಯಲ್ಲಿ ಅಪರಾಧಿ ಎನ್ನಿಸಿತು. ಕೃಷ್ಣೆಯ ಬಳಗದ ತನ್ನದೇ ಹೊಳೆಗಳಲ್ಲಿ ಅದು ಹೇಗಿದೆಯೆಂದು ಕೇಳುವವರಿಲ್ಲ. 2000ದಲ್ಲಿ ಕೇಂದ್ರ ಸರಕಾರ ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಯನ್ನು ನಿಷೇಧಿಸಿತು. ಅದಾದ ಮೇಲೂ ಅದನ್ನು ಕದ್ದು ಸಾಕುವುದು ನಿಂತಿಲ್ಲ. ನೆರೆ ಬಂದು ಒಂದು ಹೊಂಡ ಒಡೆದರೆ ಆ ಹೊಟ್ಟೆಬಾಕ ಹೊಳೆಗೆ ಇಳಿಯುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ರೈತರಿಗೆ ನೀರಿಲ್ಲ, ಊರುಗಳಿಗೆ ಕುಡಿಯುವ ನೀರಿಲ್ಲ, ಇಂಥದರಲ್ಲಿ ನಿಮ್ಮ ಮೀನಿಗೆ ಎಲ್ಲಿಂದ ತರೋಣ? ಬರವನ್ನು ಉಂಡ ಸೀಮೆಯವನು ನಾನು. ಅಣೆಕಟ್ಟನ್ನು ಒಡೆಯಿರಿ ಎಂದು ಹೇಳುವ ಹುಚ್ಚು ನನಗಿಲ್ಲ. ಘಟಪ್ರಭೆಗೆ ಧೂಪದಾಳದಲ್ಲಿ 1897ರಲ್ಲಿಯೇ ಒಡ್ಡು ಬಿತ್ತು. 1970ರ ದಶಕದಲ್ಲಿ ಹಿಡಕಲ್ ಜಲಾಶಯ ಮುಗಿಯಿತು. ಅದೇ ದಶಕದಲ್ಲಿ ಮಲಪ್ರಭೆಗೆ ನವಿಲುತೀರ್ಥ ಬಂತು. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. 519.60 ಮೀಟರ್ ಮಟ್ಟದ ಆ ಹಿನ್ನೀರಿಗಾಗಿ ಬಾಗಲಕೋಟೆಯ ಹಳೆಯ ಊರು ತನ್ನ ಓಣಿಗಳನ್ನು ಕೊಟ್ಟಿತು, ಮಟ್ಟವನ್ನು 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ನೀಡಿದೆ. ನೀರಿಗಾಗಿ ಮನೆಯನ್ನೇ ಬಿಟ್ಟುಕೊಟ್ಟ ಊರಿನವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನಾನು ಕೇಳುವುದು: ಇಷ್ಟು ಕೊಟ್ಟು ಪಡೆದ ನೀರಿನಲ್ಲಿ ಹೊಳೆಗೆಂದು ಒಂದು ಪಾಲು ಇಲ್ಲವೆ? ಬೇಸಿಗೆಯಲ್ಲಿ ಮಡುಗಳು ಸಾಯದಂತೆ ಒಂದು ಸಣ್ಣ ಹರಿವು, ಮಳೆಗಾಲದ ಆರಂಭದಲ್ಲಿ ಮೀನು ಏರುವ ಹೊತ್ತಿಗೆ ಒಂದು ತೆರೆದ ಬಾಗಿಲು, ಇಷ್ಟು ಮಾತ್ರ. ಮೇಲಾಗಿ, ಮೀನು ಬದುಕದ ನೀರನ್ನು ಮನುಷ್ಯ ಕುಡಿಯಬಹುದೆಂದು ನಂಬುವವರು ಯಾರು? ದೊಡ್ಡ ಮೀನು ಹೊಳೆಯ ವೈದ್ಯನಿದ್ದಂತೆ. ಅವನು ಊರು ಬಿಟ್ಟು ಹೋದನೆಂದರೆ ಮುಂದಿನದು ಊಹಿಸಬಹುದು. ಬಾಳೆ ಮೀನು ಈಗಾಗಲೇ ಅಪಾಯಕ್ಕೆ ಗುರಿಯಾಗಬಲ್ಲ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಕಾಯದೆಗಳಿಗೆ ಕೊರತೆಯಿಲ್ಲ. ನೀರಿನಲ್ಲಿ ಸಿಡಿಮದ್ದು ಹಾಕುವುದನ್ನೂ ವಿಷ ಹಾಕುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯದೆಯೇ ಅಪರಾಧವೆಂದು ಸಾರಿದೆ. ಒಳನಾಡು ಮೀನುಗಾರಿಕೆಯ ರಕ್ಷಣೆಗೆಂದು ನಮ್ಮ ರಾಜ್ಯವೇ 1996ರಲ್ಲಿ ಇನ್ನೊಂದು ಕಾಯದೆ ಮಾಡಿದೆ. ಧೂಪದಾಳದ ಒಡ್ಡು ಎಷ್ಟು ಹಳೆಯದೋ ಆ ಮೊದಲನೆಯ ಕಾಯದೆಯೂ ಅಷ್ಟೇ ಹಳೆಯದು. ಒಡ್ಡು ತನ್ನ ಕೆಲಸವನ್ನು ಮಾಡುತ್ತ ಬಂದಿದೆ. ಕಾಯದೆ ಮಾತ್ರ ಮಾಡಿಲ್ಲ. ಕಾರಣ ಸರಳ. ನೀರು ನಿಂತದ್ದನ್ನು ಕೇಳುವವರು ಇದ್ದರು. ಮೀನು ಸತ್ತದ್ದನ್ನು ಕೇಳಬೇಕಾದ ನಾವು, ಓದು ಬಲ್ಲವರು, ಅರ್ಜಿ ಬರೆಯಬಲ್ಲವರು, ಪತ್ರಿಕೆಗೆ ಪತ್ರ ಹಾಕಬಲ್ಲವರು, ಕೇಳಲಿಲ್ಲ. ಅಂಬಿಗ ಕೇಳಿದರೆ ಕಚೇರಿ ಕಿವಿಗೊಡುವುದಿಲ್ಲ. ಕಚೇರಿ ಕಿವಿಗೊಡುವ ನಾವು ಬಾಯಿ ತೆರೆಯುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಚಿಕ್ಕವು. ಕಲಾದಗಿಯಿಂದ ಕೆಳಗೆ ಘಟಪ್ರಭೆಯಲ್ಲಿ, ಪಟ್ಟದಕಲ್ಲು-ಐಹೊಳೆಗಳ ನಡುವೆ ಮಲಪ್ರಭೆಯಲ್ಲಿ, ಉಳಿದಿರುವ ಆಳವಾದ ಮಡುಗಳನ್ನು ಗುರುತಿಸಿ, ಅವುಗಳಲ್ಲಿ ಬಲೆಯನ್ನೂ ಮರಳು ಎತ್ತುವುದನ್ನೂ ನಿಲ್ಲಿಸಲಿ. ಅವು ದೊಡ್ಡ ಮೀನಿನ ತವರುಮನೆಗಳಾಗಿ ಉಳಿಯಲಿ. ಹೊರಗಿನ ಮರಿಗಳನ್ನು ಹರಿಯುವ ಹೊಳೆಗೆ ಬಿಡದಿರಲಿ. ಜಲಾಶಯದ ಬೆಳೆ ಜಲಾಶಯದಲ್ಲಿರಲಿ. ಮಡುಗಳನ್ನು ಕಾಯುವ ಕೆಲಸವನ್ನು ಸಂಬಳ ಕೊಟ್ಟು ಅಂಬಿಗರಿಗೇ ವಹಿಸಲಿ. ಹೊಳೆಯನ್ನು ಅವರಷ್ಟು ಬಲ್ಲವರಿಲ್ಲ. ಗಾಳ ಹಿಡಿಯುವ ಹವ್ಯಾಸಿಗಳು ಹೊಸ ನೀರಿನ ತಿಂಗಳುಗಳಲ್ಲಿ ಗಾಳವನ್ನು ಗೋಡೆಗೆ ನೇತುಹಾಕಲಿ, ತಾಯಿ ಮೀನನ್ನು ತಿರುಗಿ ನೀರಿಗೆ ಬಿಡಲಿ. ನಮ್ಮ ಪ್ರಾಥಮಿಕ ಶಾಲೆಗಳ ಕನ್ನಡ ಪಾಠದಲ್ಲಿ ನಮ್ಮ ಹೊಳೆಯ ಹತ್ತು ಮೀನುಗಳ ಹೆಸರು, ನಮ್ಮ ಅಂಬಿಗರ ಬಾಯಲ್ಲಿ ಇರುವಂತೆಯೇ, ಅಚ್ಚಾಗಲಿ. ಕೊನೆಯದಕ್ಕೆ ಸರಕಾರದ ಖಜಾನೆಯೂ ಬೇಕಾಗಿಲ್ಲ. ಒಬ್ಬ ಮಾಸ್ತರ ಒಂದು ಭಾನುವಾರ ಮಕ್ಕಳನ್ನು ಹೊಳೆದಂಡೆಗೆ ಕರೆದುಕೊಂಡು ಹೋದರೆ ಸಾಕು.

ಟ್ರೌಟನ್ನು ಮೆಚ್ಚುವವರು ಮೆಚ್ಚಲಿ. ಆದರೆ ಆ ಮೀನನ್ನು ಲೋಕಪ್ರಸಿದ್ಧ ಮಾಡಿದವರು ಮನೆಯ ಹಿಂದಿನ ಹಳ್ಳವನ್ನು ನಾಚಿಕೆಯಿಲ್ಲದೆ ಪ್ರೀತಿಸಿದವರು ಎಂಬುದನ್ನು ನೆನೆಯಲಿ. ನಾನು ಹೇಳಿದ್ದನ್ನು ಒಪ್ಪದವರು ಇದೇ ಪುರವಣಿಯಲ್ಲಿ ಖಂಡಿಸಿ ಬರೆಯಬಹುದು; ಅವರ ಮಾತನ್ನು ಓದಲು ನಾನು ಸಿದ್ಧ. ಬರೆಯುವ ಮೊದಲು ಒಂದು ಸಂಜೆ ಹೊಳೆಗೆ ಹೋಗಿ, ಬಲೆ ಒಣಗಿಸುತ್ತ ಕುಳಿತ ಯಾರನ್ನಾದರೂ ಮಾತನಾಡಿಸಿ, ನಾಲ್ಕು ಮೀನುಗಳ ಹೆಸರನ್ನು ಕೇಳಿಕೊಂಡು ಬರಲಿ. ಇಷ್ಟೇ ನನ್ನ ಷರತ್ತು.